ಕ್ಲಚ್ಚಿನ ಭಾರ ಇಳಿಸುವ ಮುನ್ನ: ಕಿಟ್ ಕಾರು ಕಟ್ಟುವವರಿಗೆ ಒಂದು ಬಹಿರಂಗ ಪತ್ರ

ಬರ್ಮಿಂಗ್‌ಹ್ಯಾಮ್, ಕೋವೆಂಟ್ರಿಯ ಮನೆಗಳ ಹಿಂದಿನ ಗ್ಯಾರೇಜುಗಳಲ್ಲಿ, ಮಿಶಿಗನ್, ಟೆಕ್ಸಸ್‌ನ ಶೆಡ್ಡುಗಳಲ್ಲಿ, ಶನಿವಾರ ಭಾನುವಾರಗಳನ್ನೆಲ್ಲ ಸುರಿದು ಸ್ವಂತ ಕೈಯಿಂದ ಕಾರು ಕಟ್ಟುತ್ತಿರುವ ಕನ್ನಡದ ಗೆಳೆಯ ಗೆಳತಿಯರಿಗೆ,

ನಮ್ಮೂರಿನಲ್ಲಿ ಈ ಹವ್ಯಾಸಕ್ಕೆ ಜಾಗ ಕಡಿಮೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸಲು ಬಿಡುವುದಿಲ್ಲ. ನೀವಿರುವ ಕಡೆ ಮಾತು ಬೇರೆ. ಕಾಲಿನ್ ಚಾಪ್‌ಮನ್ 1957ರಲ್ಲಿ ಲೋಟಸ್ ಸೆವೆನ್ ತಂದಾಗಿನಿಂದ ಬ್ರಿಟನ್ನಿನಲ್ಲಿ ಬಿಡಿಭಾಗಗಳ ಪೆಟ್ಟಿಗೆ ತಂದು ಮನೆಯಲ್ಲೇ ಕಾರು ಜೋಡಿಸುವುದು ಒಂದು ಪರಂಪರೆಯಾಗಿಬಿಟ್ಟಿತು. ಕ್ಯಾರಲ್ ಶೆಲ್ಬಿ 1962ರಲ್ಲಿ ಇಂಗ್ಲೆಂಡಿನ ಎಸಿ ಕಾರಿಗೆ ಅಮೆರಿಕದ ಫೋರ್ಡ್ ವಿ8 ಇಳಿಸಿ ಮಾಡಿದ ಕೋಬ್ರಾವನ್ನು ಅನುಸರಿಸಿ ಇಂದಿಗೂ ಎರಡೂ ದೇಶಗಳಲ್ಲಿ ಕಿಟ್‌ಗಳು ಬರುತ್ತಿವೆ. ನಿಮ್ಮಲ್ಲಿ ಹಲವರು ಕಟ್ಟುತ್ತಿರುವುದು ಈ ಎರಡರಲ್ಲಿ ಒಂದರ ಸಂತತಿಯನ್ನೇ.

ನಾನು ಬರೆಯುತ್ತಿರುವುದು ಕ್ಲಚ್ಚಿನ ಬಗ್ಗೆ. ವರ್ಷಗಟ್ಟಲೆ ದುಡಿದು ಕಟ್ಟಿದ ಕಾರು ಬಣ್ಣ ಬಳಿದುಕೊಂಡು, ಪರೀಕ್ಷೆ ಪಾಸಾಗಿ, ನಂಬರು ಪಡೆದು, ಕೊನೆಗೆ ಹೊದಿಕೆಯ ಕೆಳಗೆ ನಿಂತುಬಿಡುವುದನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಕಾರಣ ಕೇಳಿದರೆ ಸಮಯವಿಲ್ಲ, ಮಳೆ, ಪೆಟ್ರೋಲ್ ದುಬಾರಿ ಎನ್ನುತ್ತಾರೆ. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ನಿಜ ಹೊರಬರುತ್ತದೆ: ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡರೆ ಎಡಮಂಡಿ ಹಿಡಿದುಕೊಳ್ಳುತ್ತದೆ. ಹೆಂಡತಿ ಒಮ್ಮೆ ಓಡಿಸಿ ಮತ್ತೆ ಕೀಲಿ ಮುಟ್ಟಲಿಲ್ಲ. ಮಗಳು ತುಳಿದರೆ ಪೆಡಲ್ ತಳ ಮುಟ್ಟುವುದೇ ಇಲ್ಲ. ಇಷ್ಟಾದರೂ "ಗಟ್ಟಿ ಕಾರೆಂದರೆ ಕ್ಲಚ್ ಭಾರವೇ ಇರುತ್ತದೆ" ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಕ್ಲಚ್ಚಿನ ಭಾರ ಎಂಜಿನ್ನಿನ ಶಕ್ತಿಗೆ ಪುರಾವೆಯಲ್ಲ. ಬಹಳ ಸಲ ಅದು, ಕಾರಿನಲ್ಲಿ ಎಲ್ಲೋ ಚಲನೆ ಸೋರಿಹೋಗುತ್ತಿದೆ, ಅದನ್ನು ಯಾರೋ ಬಲ ಕೊಟ್ಟು ಮುಚ್ಚಿದ್ದಾರೆ ಎಂಬುದಕ್ಕೆ ಪುರಾವೆ.

ಈ ಪತ್ರದಲ್ಲಿ ನಾನು ಹೇಳಬೇಕಾದ್ದೆಲ್ಲ ಆ ಒಂದು ವಾಕ್ಯದಲ್ಲಿದೆ. ಉಳಿದದ್ದು ಅದರ ವಿವರ.

ಹಾರೆ ಹಾಕಿ ಬಂಡೆ ಎಬ್ಬಿಸುವುದನ್ನು ನೋಡಿದವರಿಗೆ ಇದು ಗೊತ್ತು: ಹಾರೆಯನ್ನು ತುದಿಯಲ್ಲಿ ಹಿಡಿದಷ್ಟೂ ಭಾರ ಇಳಿಯುತ್ತದೆ, ಆದರೆ ಕೈ ಮಾರುದ್ದ ಇಳಿದರೆ ಬಂಡೆ ಏಳುವುದು ಬೆರಳಗಲ. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಇಂಥ ಮೂರು ಸನ್ನೆಗಳು ಒಂದರ ಹಿಂದೊಂದು ನಿಂತಿವೆ. ಮೊದಲನೆಯದು ಪೆಡಲ್: ಪಿವಟ್‌ನಿಂದ ಪಾದದವರೆಗಿನ ಉದ್ದವನ್ನು ಪಿವಟ್‌ನಿಂದ ಪುಶ್‌ರಾಡ್‌ವರೆಗಿನ ಉದ್ದದಿಂದ ಭಾಗಿಸಿದರೆ ಅದರ ಅನುಪಾತ. ಎರಡನೆಯದು ಆಯಿಲ್: ಸ್ಲೇವ್ ಸಿಲಿಂಡರಿನ ವಿಸ್ತೀರ್ಣವನ್ನು ಮಾಸ್ಟರ್ ಸಿಲಿಂಡರಿನ ವಿಸ್ತೀರ್ಣದಿಂದ ಭಾಗಿಸಬೇಕು. ಮೂರನೆಯದು ಗೇರ್‌ಬಾಕ್ಸಿನ ಬೆಲ್‌ಹೌಸಿಂಗಿನೊಳಗಿನ ಫೋರ್ಕ್. ಮೂರನ್ನೂ ಗುಣಿಸಿದರೆ ನಿಮ್ಮ ಕಾಲಿಗೂ ರಿಲೀಸ್ ಬೇರಿಂಗಿಗೂ ನಡುವಿನ ಒಟ್ಟು ಲೆಕ್ಕ ಸಿಗುತ್ತದೆ. ಈ ಲೆಕ್ಕದಲ್ಲಿ ಬಲವನ್ನು ಎಷ್ಟು ಪಾಲು ಇಳಿಸುತ್ತೀರೋ ಬೇರಿಂಗಿನ ಚಲನೆಯೂ ಅಷ್ಟೇ ಪಾಲು ಇಳಿಯುತ್ತದೆ. ಇದಕ್ಕೆ ರಿಯಾಯಿತಿ ಇಲ್ಲ.

ಅಂಕಿಗಳಲ್ಲೇ ನೋಡೋಣ. ಪೆಡಲ್ ಅನುಪಾತ 6, ಪಾದದ ಓಟ 150 ಮಿಮೀ ಇರಲಿ. ಆಗ ಮಾಸ್ಟರಿನ ಸ್ಟ್ರೋಕ್ 25 ಮಿಮೀ. ಮಾಸ್ಟರ್ ಬೋರ್ ಮುಕ್ಕಾಲು ಇಂಚು, ಸ್ಲೇವ್ 7/8 ಇಂಚು, ಫೋರ್ಕ್ ಅನುಪಾತ 1.7. ರಿಲೀಸ್ ಬೇರಿಂಗಿನ ಮೇಲೆ 3,000 ನ್ಯೂಟನ್ ಬೇಡುವ ಬಿಗಿ ಪ್ರೆಷರ್ ಪ್ಲೇಟ್ ಒಂದನ್ನು ಹಾಕಿದ್ದೀರಿ ಎಂದುಕೊಳ್ಳಿ. ಲೆಕ್ಕ ಹಾಕಿದರೆ ಪಾದದಡಿ ಬರುವುದು ಸುಮಾರು 22 ಕೆಜಿ, ಬೇರಿಂಗ್ ಚಲಿಸುವುದು 10.8 ಮಿಮೀ. ಘರ್ಷಣೆಯನ್ನು ಇನ್ನೂ ಸೇರಿಸಿಲ್ಲ. ಈಗ ಬೇರೆಯವರ ಮಾತು ಕೇಳಿ ಮಾಸ್ಟರನ್ನು 5/8 ಇಂಚಿಗೆ ಇಳಿಸಿದಿರಿ. ಭಾರ 15 ಕೆಜಿಗೆ ಇಳಿಯಿತು, ಮೂರನೆಯ ಒಂದು ಪಾಲಿನಷ್ಟು ಉಳಿತಾಯ, ಕಾಲಿಗೆ ಹಬ್ಬ. ಆದರೆ ಬೇರಿಂಗ್ ಈಗ ಚಲಿಸುವುದು 7.5 ಮಿಮೀ ಮಾತ್ರ. ಆ ಕ್ಲಚ್ ಪೂರ್ತಿ ಬಿಡಲು 8 ಮಿಮೀ ಬೇಕಿದ್ದರೆ ಫಸ್ಟ್ ಗೇರು ಕರಕರ ಎನ್ನುತ್ತದೆ, ರಿವರ್ಸ್ ಬೀಳುವುದೇ ಇಲ್ಲ, ಸಿಂಕ್ರೊ ರಿಂಗುಗಳು ಸವೆಯತೊಡಗುತ್ತವೆ. ಪೆಡಲ್ ಹಗುರ ಮಾಡಲು ಹೋಗಿ ಗೇರ್‌ಬಾಕ್ಸ್ ಬಿಚ್ಚಿದವರು ಬಿದ್ದದ್ದು ಇದೇ ಗುಂಡಿಗೆ.

ಇವೆರಡರ ನಡುವೆ 0.70 ಇಂಚಿನ ಮಾಸ್ಟರ್ ಇದೆ. ಅದರಲ್ಲಿ ಭಾರ ಸುಮಾರು 19 ಕೆಜಿ, ಬೇರಿಂಗಿನ ಓಟ 9.4 ಮಿಮೀ. ಬೇಕಾದ 8 ಮಿಮೀ ಮೇಲೆ ಬಿಸಿಗೆ, ಸವೆತಕ್ಕೆ ಒಂದು ಮಿಲಿಮೀಟರ್ ಕಾದಿರಿಸಿದರೂ ಸಾಕಾಗುತ್ತದೆ. ಶೇಕಡ 13ರ ಇಳಿಕೆ ಕಾಗದದ ಮೇಲೆ ಸಣ್ಣದು. ಟ್ರಾಫಿಕ್ಕಿನಲ್ಲಿ ನೂರಾರು ಸಲ ತುಳಿದ ಮಂಡಿಗೆ ಅದು ಸಣ್ಣದಲ್ಲ.

ಆದರೆ ಆ 9.4 ಮಿಮೀ ಕಾಗದದ ಮೇಲಿನದು. ನಿಮ್ಮ ಕಾರಿನಲ್ಲಿ ಅಷ್ಟು ಸಿಗುತ್ತದೆಯೆ? ಕಿಟ್ ಕಾರಿಗೂ ಕಾರ್ಖಾನೆಯ ಕಾರಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಪೆಡಲ್ ಬಾಕ್ಸ್ ಕೂತಿರುವುದು ತೆಳು ಅಲ್ಯೂಮಿನಿಯಂ ತಗಡಿನ ಮೇಲೆ, ಕೆಲವೊಮ್ಮೆ ಬರೀ ಫೈಬರ್‌ಗ್ಲಾಸ್ ಗೋಡೆಯ ಮೇಲೆ. ಒಬ್ಬರು ಪೆಡಲ್ ತುಳಿಯುವಾಗ ಇನ್ನೊಬ್ಬರು ಬಾನೆಟ್ ಎತ್ತಿ ಮಾಸ್ಟರ್ ಸಿಲಿಂಡರಿನ ಮೇಲೆ ಕಣ್ಣಿಡಿ. ಸಿಲಿಂಡರೇ ಮುಂದಕ್ಕೆ ಬಾಗಿ ಬರುವುದು ಕಂಡರೆ ಆಶ್ಚರ್ಯಪಡಬೇಡಿ. ಪುಶ್‌ರಾಡ್ ಸಾಲಿನಲ್ಲಿ ಅದು 3 ಮಿಮೀ ಬಾಗಿತೆಂದರೆ 25ರ ಸ್ಟ್ರೋಕ್ 22ಕ್ಕೆ ಇಳಿಯಿತು. ಅಲ್ಲಿಗೆ 0.70ರ ಮಾಸ್ಟರ್ ಕೊಡುವುದು 8.3 ಮಿಮೀ, ಕಾದಿರಿಸಿದ್ದರಲ್ಲಿ ಬಹುಪಾಲು ಹೋಯಿತು. ಮುಕ್ಕಾಲಿಂಚು ಮಾತ್ರ 9.5 ಕೊಟ್ಟು ಬಚಾವಾಗುತ್ತದೆ. ಅಂದರೆ ನಿಮ್ಮ ಕಾಲಿನ ಮೇಲಿರುವ ಹೆಚ್ಚುವರಿ 3 ಕೆಜಿ ಕ್ಲಚ್ಚಿನದಲ್ಲವೇ ಅಲ್ಲ, ಬಾಗುವ ತಗಡಿನದು. ಆ ತಗಡಿಗೆ ಹಿಂದಿನಿಂದ 3 ಮಿಮೀ ಉಕ್ಕಿನ ಪಟ್ಟಿ ಕೊಟ್ಟು, ಪಕ್ಕದ ಚಾಸಿಸ್ ಪೈಪಿಗೆ ಒಂದು ಓರೆ ಆಧಾರ ಬಿಗಿಯಿರಿ. ಬ್ರೇಕ್ ಮಾಸ್ಟರೂ ಅದೇ ಗೋಡೆಯ ಮೇಲಿದ್ದರೆ ಬ್ರೇಕೂ ಗಟ್ಟಿಯಾಗುತ್ತದೆ. ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಫಲ ಇದರಲ್ಲೇ ಇದೆ.

ಚಲನೆ ಸೋರುವ ಬೇರೆ ದಾರಿಗಳೂ ಉಂಟು. ಪೆಡಲಿನ ಬುಷ್ ಸವೆದು ಅಡ್ಡಡ್ಡ ಓಲಾಡುವುದು. ಕ್ಲೆವಿಸ್ ಪಿನ್ನಿನ ತೂತು ಮೊಟ್ಟೆಯಾಕಾರಕ್ಕೆ ತಿರುಗುವುದು. ಉದ್ದನೆಯ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುವುದು. ಎಕ್ಸಾಸ್ಟ್ ಪೈಪಿನ ಪಕ್ಕದಲ್ಲೇ ಲೈನ್ ಹಾದುಹೋಗಿ ಹಳೆಯ ಆಯಿಲಿನಲ್ಲಿ ಆವಿಯ ಗುಳ್ಳೆ ಏಳುವುದು. ರೋವರ್ ವಿ8 ಹಾಕಿ ಅದರ ಜೊತೆಯ ಎಲ್‌ಟಿ77 ಗೇರ್‌ಬಾಕ್ಸ್ ಬಳಸಿರುವವರು ಫೋರ್ಕನ್ನು ವಿಶೇಷವಾಗಿ ನೋಡಬೇಕು. ಲ್ಯಾಂಡ್ ರೋವರ್‌ಗಳಲ್ಲಿ ಪಿವಟ್ ಗುಂಡು ಆ ತಗಡಿನ ಫೋರ್ಕನ್ನು ನಿಧಾನವಾಗಿ ಕೊರೆದು ತೂರಿಬಿಡುವುದು ಹಳೆಯ ಕಥೆ. ಗೇರ್‌ಬಾಕ್ಸ್ ಹೊರಗಿರುವಾಗಲೇ ಅಲ್ಲೊಂದು ಪಟ್ಟಿ ಬೆಸುಗೆ ಹಾಕಿದ ಫೋರ್ಕ್ ಕೂರಿಸುವುದು ಜಾಣತನ. ಸಿಸ್ಟಮಿನಲ್ಲಿ ಏರ್ ಉಳಿದಿದ್ದರೆ ಪೆಡಲ್ ಮೆತ್ತಗಾಗುತ್ತದೆಯೇ ಹೊರತು ಭಾರವಾಗುವುದಿಲ್ಲ. ಆದರೆ ಸರಿಯಾಗಿ ಬ್ಲೀಡ್ ಮಾಡಲಾಗದೆ, ಕಳೆದ ಚಲನೆ ತುಂಬಲು ದೊಡ್ಡ ಮಾಸ್ಟರ್ ಹಾಕಿದ ಕಾರುಗಳಿವೆ. ಅಲ್ಲಿ ಭಾರಕ್ಕೆ ಮೂಲ ಆ ಗಾಳಿಯೇ.

ಇನ್ನು ಅಳೆಯುವ ಬಗೆ. ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಆಕ್ಸಲ್ ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಡಿ, ಹ್ಯಾಂಡ್‌ಬ್ರೇಕ್ ಬಿಡಿ. ಎಂಜಿನ್ ನಿಂತಿರಲಿ, ಗೇರು ಹಾಕಿರಲಿ. ಇಬ್ಬರು ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ಒಂದೇ ದಿಕ್ಕಿಗೆ ಕೈಯಲ್ಲಿ ತಿರುಗಿಸಲು ಯತ್ನಿಸುತ್ತಿರಲಿ, ನೀವು ಪೆಡಲನ್ನು ನಿಧಾನವಾಗಿ ಒತ್ತುತ್ತ ಹೋಗಿ. ಚಕ್ರಗಳು ಸಲೀಸಾಗಿ ತಿರುಗಿದ ಆ ಜಾಗವನ್ನು ಗುರುತು ಮಾಡಿಕೊಳ್ಳಿ. ಅಲ್ಲಿಂದ ತಳದವರೆಗೆ ಉಳಿದ ಓಟವೇ ನಿಮ್ಮ ಬಂಡವಾಳ. 150ರಲ್ಲಿ 105ಕ್ಕೇ ಕ್ಲಚ್ ಬಿಟ್ಟರೆ ನೀವು ಶ್ರೀಮಂತರು, ಧೈರ್ಯವಾಗಿ ಚಿಕ್ಕ ಮಾಸ್ಟರ್ ಹಾಕಬಹುದು. 140ಕ್ಕೆ ಬಿಟ್ಟರೆ ಕೈಯಲ್ಲಿ ಏನೂ ಇಲ್ಲ. ಮೊದಲು ಸೋರಿಕೆ ಹುಡುಕಿ ಗಳಿಸಬೇಕು, ಆಮೇಲೆ ಖರ್ಚು ಮಾಡಬೇಕು.

ಇದರ ಜೊತೆಗೆ ಇನ್ನೊಂದು ಅಳತೆ ಇದೆ, ಅದನ್ನು ಮಾಡುವವರು ಕಡಿಮೆ. ಲಗೇಜ್ ತೂಗುವ ತಕ್ಕಡಿಯನ್ನು ಪೆಡಲಿಗೆ ಸಿಕ್ಕಿಸಿ ಮುಂದಕ್ಕೆ ಎಳೆಯುತ್ತ, ಅರ್ಧ ದಾರಿಯಲ್ಲಿ ಎಷ್ಟು ಕೆಜಿ ಎಂದು ನೋಡಿ. ತಳ ಮುಟ್ಟಿಸಿ ಮೆಲ್ಲಗೆ ಬಿಡುತ್ತ ಬನ್ನಿ, ಅದೇ ಅರ್ಧ ದಾರಿಯಲ್ಲಿ ಮತ್ತೆ ನೋಡಿ. ಹೋಗುವಾಗಿನ ತೂಕಕ್ಕೂ ಬರುವಾಗಿನ ತೂಕಕ್ಕೂ ಇರುವ ಅಂತರ ಹುಟ್ಟುವುದು ಘರ್ಷಣೆಯಿಂದ. ಸ್ವಲ್ಪ ಅಂತರ ಎಲ್ಲ ಕ್ಲಚ್ಚಿನಲ್ಲೂ ಇದ್ದೇ ಇರುತ್ತದೆ. ಆದರೆ ಒತ್ತುವಾಗ 24, ಬಿಡುವಾಗ 12 ಬಂತೆಂದರೆ ಸಿಲಿಂಡರ್ ಬದಲಿಸುವ ಯೋಚನೆಯನ್ನು ಪಕ್ಕಕ್ಕಿಡಿ. ಕ್ಲೆವಿಸ್ ಪಿನ್ ತೆಗೆದು ಬರೀ ಪೆಡಲನ್ನು ಬೆರಳಿನಿಂದ ಆಡಿಸಿ ನೋಡಿ. ಅದು ತನ್ನಷ್ಟಕ್ಕೆ ತೂಗಾಡಬೇಕು. ಹಾಗಾಗದಿದ್ದರೆ ಪಿವಟ್ ಬುಷ್‌ನಲ್ಲೇ ಬಿಗಿ ಇದೆ. ಪೆಡಲ್ ಸಲೀಸಾಗಿದ್ದರೆ ಪುಶ್‌ರಾಡ್ ಕೋನ ನೋಡಿ. ಅದು ಓರೆಯಾಗಿ ತಳ್ಳಿದರೆ ಪಿಸ್ಟನ್ ಸಿಲಿಂಡರಿನ ಗೋಡೆಗೆ ಉಜ್ಜುತ್ತದೆ, ಸೀಲ್ ಒಂದೇ ಬದಿ ಸವೆಯುತ್ತದೆ, ಕಾಲಿಗೆ ಭಾರ ಏರುತ್ತದೆ. ಕೊನೆಗೆ ಉಳಿಯುವುದು ಬೇರಿಂಗ್ ಜಾರುವ ಸ್ಲೀವ್ ಮತ್ತು ಫೋರ್ಕಿನ ಪಿವಟ್. ಒಣಗಿದ ಸ್ಲೀವ್ ಮೇಲೆ ಹೆಚ್ಚು ಉಷ್ಣ ತಡೆಯುವ ಗ್ರೀಸನ್ನು ತೆಳುವಾಗಿ ಸವರಿದರೆ ಸಾಕು, ಬಳಿದರೆ ಡಿಸ್ಕಿಗೆ ಹಾರುತ್ತದೆ. ಘರ್ಷಣೆ ತೆಗೆಯುವುದರಲ್ಲಿ ಒಂದು ಸಂತೋಷವಿದೆ: ಇಲ್ಲಿ ಭಾರ ಇಳಿದದ್ದಕ್ಕೆ ಚಲನೆಯಲ್ಲಿ ಬೆಲೆ ತೆರಬೇಕಿಲ್ಲ.

ಹಳೆಯ ಕ್ಲಚ್ ಹಾಕಿಕೊಂಡವರಿಗೆ ಒಂದು ಮಾತು. ಡಯಾಫ್ರಾಮ್ ಕ್ಲಚ್ಚಿನಲ್ಲಿ ಡಿಸ್ಕ್ ಸವೆದಂತೆ ಸ್ಪ್ರಿಂಗಿನ ಬೆರಳುಗಳು ಹೊರಕ್ಕೆ ಬಂದು ಪೆಡಲ್ ಭಾರ ಏರುತ್ತದೆ. ಗುಜರಿ ಕಾರಿನಿಂದ ಬಿಚ್ಚಿದ ಎಂಜಿನ್ನಿನ ಜೊತೆಗೆ ಬಂದ ಕ್ಲಚ್ಚನ್ನೇ ಕೂರಿಸಿದ್ದರೆ ಭಾರದ ಮೂಲ ಅದೇ ಇರಬಹುದು, ಹೊಸದು ಹಾಕಿದರೆ ಮುಗಿಯಿತು.

ಹೊಸ ಕ್ಲಚ್ ಕೊಳ್ಳುವವರಲ್ಲಿ ನನ್ನ ಬೇಡಿಕೆ ಇನ್ನೂ ಗಟ್ಟಿಯಾದದ್ದು. ನಿಮ್ಮ ಎಂಜಿನ್ನಿನ ಟಾರ್ಕ್ ಎಷ್ಟೋ ಅದಕ್ಕೆ ತಕ್ಕಷ್ಟು ಹೆಚ್ಚುವರಿ ಸಾಮರ್ಥ್ಯ ಸೇರಿಸಿ ಕೊಳ್ಳಿ, ಕ್ಯಾಟಲಾಗಿನಲ್ಲಿ ಅತಿ ದೊಡ್ಡ ನಂಬರು ಇರುವುದನ್ನಲ್ಲ. ಕ್ಲಚ್ ಹೊರುವ ಟಾರ್ಕನ್ನು ನಿರ್ಧರಿಸುವುದು ಒತ್ತುವ ಬಲ ಮಾತ್ರವಲ್ಲ. ಡಿಸ್ಕಿನ ವಸ್ತುವಿನ ಘರ್ಷಣಾಂಕ, ಅದರ ಸರಾಸರಿ ತ್ರಿಜ್ಯ, ಉಜ್ಜುವ ಮುಖಗಳ ಸಂಖ್ಯೆ ಇವೂ ಸೇರುತ್ತವೆ. ಹೆಚ್ಚು ಹಿಡಿತದ ಡಿಸ್ಕನ್ನು ಮೂಲ ಪ್ರೆಷರ್ ಪ್ಲೇಟಿನ ಜೊತೆ ಹಾಕಿದರೆ ಕಾಲಿಗೆ ಒಂದು ಗ್ರಾಂ ಭಾರವೂ ಏರುವುದಿಲ್ಲ. ಕಾರು ಹೊರಡುವಾಗ ಕ್ಲಚ್ಚಿನಲ್ಲಿ ಹುಟ್ಟುವ ಬಿಸಿ ಕಾರಿನ ತೂಕವನ್ನೂ ಅವಲಂಬಿಸಿರುತ್ತದೆ. ಆ ಎಂಜಿನ್ ಮೊದಲಿದ್ದ ಸಲೂನ್ ಕಾರಿಗಿಂತ ನಿಮ್ಮದು ಬಹಳ ಹಗುರ, ಇದು ನಿಮಗೆ ಅನುಕೂಲ. ನಿಜವಾಗಿಯೂ ದೊಡ್ಡ ವಿ8 ಕಟ್ಟಿದವರಿಗೆ ಎರಡು ಡಿಸ್ಕಿನ ಕ್ಲಚ್ ಇದೆ. ಮುಖಗಳು ಎರಡರಿಂದ ನಾಲ್ಕಾದಾಗ ಅರ್ಧದಷ್ಟು ಒತ್ತಿದರೂ ಅದೇ ಟಾರ್ಕ್ ಹೊರುತ್ತದೆ. ದುಬಾರಿ, ನಿಜ. ಆದರೆ ಬಿಗಿ ಪ್ಲೇಟು ನಿಮ್ಮ ಮಂಡಿಯೊಂದನ್ನೇ ಸವೆಸುವುದಿಲ್ಲ. ಪ್ರತಿ ಸಲ ಪೆಡಲ್ ತುಳಿದಾಗ ಅಷ್ಟೂ ಬಲ ಕ್ರ್ಯಾಂಕ್‌ಶಾಫ್ಟನ್ನು ಮುಂದಕ್ಕೆ ತಳ್ಳಿ ಅದರ ಥ್ರಸ್ಟ್ ಬೇರಿಂಗಿನ ಮೇಲೆ ಕೂರುತ್ತದೆ.

ಮಾಸ್ಟರ್ ಚಿಕ್ಕದು ಮಾಡುವುದೋ ಸ್ಲೇವ್ ದೊಡ್ಡದು ಮಾಡುವುದೋ ಎಂದು ಹಲವರು ಕೇಳುತ್ತಾರೆ. ಬಲ ಮತ್ತು ಚಲನೆಯ ವ್ಯಾಪಾರ ಎರಡರಲ್ಲೂ ಒಂದೇ. ವ್ಯತ್ಯಾಸವಿರುವುದು ಲೈನಿನ ಒತ್ತಡದಲ್ಲಿ. ಮೇಲಿನ ಲೆಕ್ಕದ ಕಾರಿನಲ್ಲಿ ಮಾಸ್ಟರ್ ಯಾವುದೇ ಇರಲಿ, 7/8 ಸ್ಲೇವ್ ಇದ್ದಷ್ಟು ಕಾಲ ಒತ್ತಡ ಸುಮಾರು 45 ಬಾರ್. ಸ್ಲೇವನ್ನು 1 ಇಂಚಿಗೆ ಏರಿಸಿದರೆ ಅದು 35ಕ್ಕೆ ಇಳಿಯುತ್ತದೆ, ಹೋಸ್ ಉಬ್ಬುವುದೂ ಕಡಿಮೆಯಾಗುತ್ತದೆ. ಆದ್ದರಿಂದ ಬಂಡವಾಳ ಸಾಕಷ್ಟಿದ್ದು, ಬೆಲ್‌ಹೌಸಿಂಗಿನ ಪಕ್ಕ ಜಾಗವೂ ಇದ್ದರೆ ನನ್ನ ಒಲವು ದೊಡ್ಡ ಸ್ಲೇವಿನ ಕಡೆಗೆ. ಇದರಲ್ಲಿ ಭಾರ 17 ಕೆಜಿಗೆ ಇಳಿಯುತ್ತದೆ, ಆದರೆ ಬೇರಿಂಗಿನ ಓಟ 8.3ಕ್ಕೆ ಬರುತ್ತದೆ ಎಂಬುದನ್ನು ಮರೆಯಬೇಡಿ. ಗೇರ್‌ಬಾಕ್ಸಿನೊಳಗೆ ಉಂಗುರದಂತೆ ಕೂರುವ ಕಾನ್ಸೆಂಟ್ರಿಕ್ ಸ್ಲೇವ್ ಬಳಸಿದವರಿಗೆ ಫೋರ್ಕಿನ ಸನ್ನೆಯೇ ಇಲ್ಲ. ಅವರು ಉಂಗುರದ ಹೊರ ವ್ಯಾಸ, ಒಳ ವ್ಯಾಸಗಳಿಂದ ವಿಸ್ತೀರ್ಣ ತೆಗೆದು, ತಯಾರಕರು ಹೇಳಿದ ಮಾಸ್ಟರ್ ಬೋರಿನಿಂದ ಆಚೀಚೆ ಹೋಗದಿರುವುದೇ ಕ್ಷೇಮ.

ಪೆಡಲ್ ತೋಳಿನಲ್ಲಿ ಪಿವಟ್‌ಗೆ ಹತ್ತಿರವಾಗಿ ಇನ್ನೊಂದು ತೂತು ಕೊರೆದರೆ ಅನುಪಾತ ಏರುತ್ತದೆ. 300 ಮಿಮೀ ಪೆಡಲಿನಲ್ಲಿ ಪುಶ್‌ರಾಡ್ 60ರಿಂದ 50ಕ್ಕೆ ಬಂದರೆ 5 ಇದ್ದದ್ದು 6 ಆಗುತ್ತದೆ. ಆದರೆ ಮಾಸ್ಟರನ್ನೂ ಅಷ್ಟೇ ಸರಿಸದೆ ಹೀಗೆ ಮಾಡಿದರೆ ಪುಶ್‌ರಾಡ್ ಓರೆಯಾಗುತ್ತದೆ, ಉಳಿಸಿದ್ದನ್ನು ಘರ್ಷಣೆ ತಿನ್ನುತ್ತದೆ. ಸೆವೆನ್ ಮಾದರಿಯ ಇಕ್ಕಟ್ಟಿನ ಕಾಲುಗೂಡಿನಲ್ಲಿ ಇದಕ್ಕೆ ಜಾಗವೇ ಸಿಗುವುದಿಲ್ಲ. ಅರ್ಧ ದಾರಿಯ ನಂತರ ತಾನೇ ಪೆಡಲನ್ನು ಎಳೆದುಕೊಳ್ಳುವ ಸಹಾಯಕ ಸ್ಪ್ರಿಂಗ್ ಹಳೆಯ ಮಸ್ಟಾಂಗ್‌ಗಳಲ್ಲಿ ಇತ್ತು. ಅದು ಕಾಯಿಲ್ ಸ್ಪ್ರಿಂಗಿನ ಪ್ಲೇಟಿಗೆ ಹೊಂದುವಂಥದ್ದು. ಡಯಾಫ್ರಾಮ್ ಕ್ಲಚ್ಚಿನಲ್ಲಿ ತಳದ ಹತ್ತಿರ ಬಲ ತಾನೇ ಇಳಿಯುವುದರಿಂದ, ಬಲವಾದ ಸ್ಪ್ರಿಂಗ್ ಹಾಕಿದರೆ ಪೆಡಲ್ ಮೇಲೆ ಬರದೆ ನೆಲಕ್ಕೆ ಅಂಟಿಕೊಳ್ಳಬಹುದು. ನಮ್ಮ ಲಾರಿಗಳಲ್ಲಿ ಗಾಳಿಯ ಒತ್ತಡದ ಕ್ಲಚ್ ಬೂಸ್ಟರ್ ನೋಡಿದವರು ಸರ್ವೋ ಹಾಕಬಹುದಲ್ಲ ಎನ್ನುತ್ತಾರೆ. ಹಾಕಬಹುದು. ಎಲ್ಲ ಸರಿಪಡಿಸಿದ ಮೇಲೂ ಕಾಲಿಗೆ ತಡೆಯದಿದ್ದರೆ, ಅಥವಾ ಓಡಿಸುವವರ ಮಂಡಿಗೆ ಈಗಾಗಲೇ ತೊಂದರೆ ಇದ್ದರೆ, ಅದನ್ನು ಸೋಲೆಂದು ತಿಳಿಯದೆ ಹಾಕಿ.

ಏನೇ ಬದಲಿಸಿದರೂ ಪೆಡಲಿಗೆ ಸ್ಟಾಪರ್ ಕೂರಿಸುವುದನ್ನು ಬಿಡಬೇಡಿ. ಕ್ಲಚ್ ಬಿಟ್ಟ ಜಾಗದಿಂದ ಕಾದಿರಿಸಿದ ಓಟದಷ್ಟು ಮುಂದೆ ಅದು ನಿಲ್ಲಬೇಕು. ಇಲ್ಲದಿದ್ದರೆ ಹಗುರಾದ ಪೆಡಲನ್ನು ಉತ್ಸಾಹದಿಂದ ಒದ್ದಾಗ ಡಯಾಫ್ರಾಮ್ ಬೆರಳುಗಳು ಅತಿಯಾಗಿ ಬಾಗುತ್ತವೆ, ಕಾನ್ಸೆಂಟ್ರಿಕ್ ಸ್ಲೇವ್ ಆದರೆ ಸೀಲೇ ಹೊರಬರುತ್ತದೆ. ಮಾಸ್ಟರಿನ ಪುಶ್‌ರಾಡ್‌ಗೆ ಚೂರು ಸಡಿಲು ಬಿಡಿ. ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದಿದ್ದರೆ ಆಯಿಲ್ ರಿಸರ್ವಾಯರ್‌ಗೆ ಮರಳುವುದಿಲ್ಲ, ಬಿಸಿಯಾದಾಗ ಕ್ಲಚ್ ತಾನೇ ಜಾರತೊಡಗುತ್ತದೆ. ಬ್ಲೀಡ್ ಮಾಡುವಾಗ ಸಿಲಿಂಡರಿನ ಮೇಲೆ ಬರೆದಿರುವ ದರ್ಜೆಯ ಬ್ರೇಕ್ ಆಯಿಲನ್ನೇ ಹಾಕಿ. ಎಂಜಿನ್ ಆಯಿಲ್, ಹೈಡ್ರಾಲಿಕ್ ಜ್ಯಾಕಿನ ಆಯಿಲ್ ಆ ರಬ್ಬರ್ ಸೀಲುಗಳನ್ನು ಊದಿಸಿಬಿಡುತ್ತವೆ.

ಕೊನೆಗೆ ನಿಮ್ಮೆಲ್ಲರಲ್ಲಿ ಒಂದು ಕೋರಿಕೆ. ಪರಸ್ಪರ ಸಲಹೆ ಕೊಡುವಾಗ "ನಾನು 5/8 ಹಾಕಿದೆ, ಬೆಣ್ಣೆಯಾಯಿತು" ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಪೆಡಲ್ ಅನುಪಾತ, ಪಾದದ ಓಟ, ಮಾಸ್ಟರ್ ಮತ್ತು ಸ್ಲೇವ್ ಬೋರ್, ಪ್ರೆಷರ್ ಪ್ಲೇಟಿನ ನಂಬರು, ಕ್ಲಚ್ ಬಿಟ್ಟ ಜಾಗ, ತಕ್ಕಡಿ ತೋರಿಸಿದ ಎರಡು ತೂಕ, ಇಷ್ಟನ್ನೂ ಸೇರಿಸಿ ಹೇಳಿ. ಅದನ್ನೇ ಒಂದು ಹಾಳೆಯಲ್ಲಿ ಬರೆದು ಕಾರಿನ ಕಡತದಲ್ಲಿ ಇಡಿ, ಮುಂದೆ ಆ ಕಾರು ಕೊಳ್ಳುವವರ ಕೈಗೂ ಹೋಗಲಿ. ನಿಮ್ಮ ಅಳತೆಗಳನ್ನು ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ ಒಂದೊಂದನ್ನೂ ಓದಿ, ಲೆಕ್ಕ ಹಾಕಿ, ಉತ್ತರ ಬರೆಯುತ್ತೇನೆ.

ಇತಿ ನಿಮ್ಮವ,
ಕ್ಲಚ್ಚುಗಳ ನಡುವೆಯೇ ದುಡಿದ ಒಬ್ಬ ಎಂಜಿನಿಯರ್